ಮೊಳೆ ಹೊಡೆದ ಪ್ರಮೇಯ

ಸ್ಟಾಕ್‌ಹೋಮ್
14 ಫೆಬ್ರವರಿ 1994

ಸಮಸ್ತ ಸ್ಫೋಟಗಳ ಅಧೀಶ್ವರಿಯೂ, ಬಂಡೆಕುಲಕ್ಕೆ ಮಾರಿಯೂ, ನನ್ನ ತಾಯಿಗೆ ಒಬ್ಬಳೇ ತಂಗಿಯೂ ಆದ ಗುನ್ವೋರ್ ಚಿಕ್ಕಮ್ಮನವರ ಸಮ್ಮುಖಕ್ಕೆ,

ತಮ್ಮ ಅಕ್ಕನ ಮಗಳು ವೆಂಡೆಲಾ, ವಯಸ್ಸು ಇಪ್ಪತ್ತೇಳು, ಕಸುಬು ಗಣಿತ, ನಡತೆ ಸಂಶಯಾಸ್ಪದ, ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ: ಐದು ವರ್ಷ ಪೆನ್ಸಿಲ್ ಕಡಿದು ನಾನು ಬರೆದ ಪಿಎಚ್.ಡಿ. ಪ್ರಬಂಧ ಕೊನೆಗೂ ಮುಗಿಯುವ ಲಕ್ಷಣ ತೋರಿಸುತ್ತಿದೆ. ಮೇ 27ರ ಶುಕ್ರವಾರ ಬಹಿರಂಗ ವಾಗ್ವಾದ. ಎದುರಾಳಿಯೊಬ್ಬರು ಹಾಲೆಂಡಿನಿಂದ ಬಂದು ಎಲ್ಲರೆದುರು ನನ್ನನ್ನು ಎರಡು ಗಂಟೆ ಹಿಂಡುತ್ತಾರೆ. ಆಮೇಲೆ ಮೂವರು ತೀರ್ಪುಗಾರರು ಬಾಗಿಲು ಹಾಕಿಕೊಂಡು ಪಾಸೋ ಫೇಲೋ ಎಂದು ಮತ ಹಾಕುತ್ತಾರೆ. ತಾವು ಮುಂದಿನ ಸಾಲಿನಲ್ಲಿ ಕೂತು ಎದುರಾಳಿಯನ್ನು ಗುರಾಯಿಸಬೇಕೆಂದು ಪ್ರಾರ್ಥನೆ.

ವಿಷಯ: ಹಿಗ್ಗುತ್ತಿರುವ ವಿಶ್ವದಲ್ಲಿ ಆಘಾತ ತರಂಗಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದು. ಅಮ್ಮನಿಗೆ ಹೇಳಿದೆ. "ಅವು ಹೇಗಾದ್ರೂ ನಡ್ಕೊಳ್ಲಿ, ನೀನು ನೆಟ್ಟಗೆ ನಡ್ಕೊ" ಅಂದಳು. ನಮ್ಮ ವಂಶದಲ್ಲಿ ಆಘಾತ ಅಂದರೇನೆಂದು ಬಲ್ಲವರು ತಾವೊಬ್ಬರೇ. ಹದಿನೈದು ವರ್ಷದಿಂದ ಗಣಿಯಲ್ಲಿ ಮದ್ದಿಟ್ಟು ದಿನಾ ಒಂದು ಗುಡ್ಡ ಹಾರಿಸುತ್ತಿದ್ದೀರಿ.

ಸಂಗತಿ ಇಷ್ಟೇ. ಒಂದು ಸಣ್ಣ ಅಲೆ ಇದೆ ಎಂದಿಟ್ಟುಕೊಳ್ಳಿ. ಅದರ ನೆತ್ತಿ, ಮುಂದಿರುವ ತಗ್ಗಿಗಿಂತ ಚೂರು ವೇಗವಾಗಿ ಓಡುತ್ತದೆ. ಓಡಿ ಓಡಿ ನೆತ್ತಿಯು ತಗ್ಗನ್ನು ಮುಟ್ಟಿದ ದಿನ ಇಳಿಜಾರು ಹೋಗಿ ನೆಟ್ಟಗೆ ಗೋಡೆ ಏಳುತ್ತದೆ. ಆ ಗೋಡೆಯೇ ಆಘಾತ ತರಂಗ. ಸುಮ್ಮನೆ ನಿಂತಿರುವ ವಿಶ್ವದಲ್ಲಿ ಎಷ್ಟೇ ಸಣ್ಣ ಅಲೆಯಾದರೂ ಒಂದು ದಿನ ಗೋಡೆಯಾಗಿಯೇ ತೀರುತ್ತದೆ. ಆದರೆ ನಮ್ಮ ವಿಶ್ವ ಸುಮ್ಮನೆ ನಿಂತಿಲ್ಲ. ನೆತ್ತಿಗೂ ತಗ್ಗಿಗೂ ನಡುವಿನ ನೆಲವೇ ಹಿಗ್ಗುತ್ತಿದೆ. ನಾನು ತೆಗೆದುಕೊಂಡಿರುವುದು ಬೆಳಕೇ ದ್ರವದ ಹಾಗೆ ತುಂಬಿಕೊಂಡಿರುವ ಎಳೆಯ ವಿಶ್ವ. ಅದರ ಬಗ್ಗೆ ನನ್ನ ಮೂರನೇ ಪ್ರಮೇಯ ಸಾರುವುದೇನೆಂದರೆ: ವಿಶ್ವ ಒಂದೇ ಸಮನೆ ಹಿಗ್ಗಿದರೆ ಸಾಕು, ಇನ್ನೂ ಜೋರಾಗಿ ಹಿಗ್ಗಿದರಂತೂ ಸರಿಯೇ ಸರಿ, ಸಣ್ಣ ಅಲೆ ಎಂದೆಂದಿಗೂ ಗೋಡೆಯಾಗದು. ಶಾಂತಿಃ.

ತಮ್ಮ ಬಂಡೆಯೊಳಗೆ ಅಲೆ ಹೇಗೆ ಸಾಯುತ್ತದೆ? ಅಪ್ಪಣೆ ಕೊಡಿಸಬೇಕು.

ನಾಳೆ ಊರೆಲ್ಲ ಕೆನೆ ತುಂಬಿದ ಸೆಮ್ಲಾ ಬನ್ನು ತಿನ್ನುವ ಮಂಗಳವಾರ; ನಮ್ಮಲ್ಲಿ ಬನ್ನು ಇವತ್ತೇ ಬಂದಿದೆ. ಕಾಫಿ ಕೋಣೆಯ ಬಾಗಿಲಿಗೆ "ವಿಶ್ವ ಹಿಗ್ಗಿರುವ ಕಾರಣ ಬನ್ನುಗಳನ್ನು ಮೂರನೇ ಮಹಡಿಗೆ ಸಾಗಿಸಲಾಗಿದೆ" ಎಂಬ ಚೀಟಿ ಅಂಟಿಸಿದ್ದೇನೆ. ಬನ್ನು ಎಲ್ಲಿಗೂ ಹೋಗಿಲ್ಲ. ಇಬ್ಬರು ಪ್ರೊಫೆಸರರು ಮಾತ್ರ ಹೋಗಿದ್ದಾರೆ.

ತಮ್ಮ ಪಾದಧೂಳಿ (ಅಂದರೆ ಅದಿರಿನ ಧೂಳು),
ವೆಂಡೆಲಾ


ನೂರ್ಶೊ
23 ಫೆಬ್ರವರಿ 1994

ವೆಂಡೆಲಾ ಪುಟ್ಟಿ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ಓದಿದೆ. ಅಧೀಶ್ವರಿ ಅನ್ನುವ ಕಡೆ ಕಾಫಿ ಮೂಗಿಗೆ ಹತ್ತಿತು. ಪಕ್ಕದಲ್ಲಿದ್ದ ಅರ್ವಿಡ್ ಕಿತ್ತುಕೊಂಡು ಎಲ್ಲರಿಗೂ ಓದಿದ. ಈಗ ಅವನಿಗೆ ಉಪ್ಪು ಬೇಕಾದರೂ "ಅಧೀಶ್ವರಿ, ಉಪ್ಪು ಈ ಕಡೆ ಕೊಡ್ತೀರಾ?" ಅನ್ನುತ್ತಾನೆ.

ಬಂಡೆಯ ವಿಷಯ ಕೇಳಿದೆಯಲ್ಲ. ಶಿಫ್ಟ್ ಮುಗಿದು ಎಲ್ಲರೂ ಮೇಲೆ ಬಂದ ಮೇಲೆ ಹಾರಿಸುವುದು. ಸುರಂಗದ ತುದಿಯ ಬಂಡೆಗೆ ಅರವತ್ತು ಕುಳಿ. ನಡುವಿನ ಕುಳಿಗಳು ಮೊದಲು, ಅಂಚಿನವು ಕೊನೆಗೆ. ಹತ್ತಿರದಲ್ಲಿ ಅದು ಗೋಡೆಯೇ. ನೀನು ಸರಿಯಾಗಿ ಹೇಳಿದೆ. ಬಂಡೆಯನ್ನು ಹಿಟ್ಟು ಮಾಡುತ್ತದೆ. ದೂರ ಹೋದಂತೆ ಸುಸ್ತಾಗಿ ಬರೀ ನಡುಕವಾಗುತ್ತದೆ. ನನಗೆ ಗೊತ್ತಾಗುವುದು ಅಂಗಾಲಿನಲ್ಲಿ. ಊರಿನಲ್ಲಿ ಕಪ್ಪು-ಬಸಿ ಗಲಗಲ ಅನ್ನುವುದೂ ಅದೇ.

ಆದರೆ ನಿನ್ನ ಅಲೆ ಸುಸ್ತಾಗಿ ಸಾಯುವುದಿಲ್ಲ ಅಂತಾಯಿತು. ಓಡುತ್ತಲೇ ಇರುತ್ತದೆ, ನೆಲ ಉದ್ದವಾಗುತ್ತಲೇ ಇರುತ್ತದೆ. ಹಾಗಿದ್ದರೆ ನನಗೊಂದು ಅನುಮಾನ. ಆ ಹಿಂದಿನವನು, ಅಂದರೆ ಅಲೆಯ ನೆತ್ತಿ, ದಿನಾ ಸ್ವಲ್ಪವಾದರೂ ಮುಂದೆ ಬರುತ್ತಾನೋ ಇಲ್ಲವೋ? ಬಂದರೆ, ಎಂದೆಂದಿಗೂ ಮುಟ್ಟುವುದಿಲ್ಲ ಅಂತ ಹೇಗೆ ಹೇಳುತ್ತೀ? ನೀನು ಓದಿದವಳು. ನನಗೆ ಅರ್ಥವಾಗುವ ಹಾಗೆ ಹೇಳು.

ಗುನ್ವೋರ್


ಸ್ಟಾಕ್‌ಹೋಮ್
7 ಮಾರ್ಚ್ 1994

ಉಪ್ಪಿನ ಪಾತ್ರೆಗೂ ಅಧೀಶ್ವರಿಯಾದ ಚಿಕ್ಕಮ್ಮನವರಿಗೆ,

ನಿನ್ನೆ ವಾಸಾ ಸ್ಕೀ ಓಟ ಟಿವಿಯಲ್ಲಿ ನೋಡಿದಿರೋ? ಅದನ್ನೇ ಹಿಡಿದುಕೊಂಡು ಹೇಳುತ್ತೇನೆ. ಹಿಮದ ಜಾಡಿನಲ್ಲಿ ಇಬ್ಬರು. ಹಿಂದಿನವನಿಗೂ ಮುಂದಿನವನಿಗೂ ಹತ್ತು ಹೆಜ್ಜೆ ಅಂತರ. ಹಿಂದಿನವನು ದಿನಕ್ಕೆ ಒಂದು ಹೆಜ್ಜೆ ಹತ್ತಿರವಾಗುತ್ತಾನೆ. ಸಾಮಾನ್ಯ ಹಿಮದಲ್ಲಿ ಹತ್ತು ದಿನಕ್ಕೆ ಮುಟ್ಟಿ, "ಜಾಡು ಬಿಡೋ!" ಎಂದು ಕಿರುಚುತ್ತಾನೆ. ಆದರೆ ಈ ಜಾಡು ರಬ್ಬರಿನದು. ಪ್ರತಿ ರಾತ್ರಿ ಯಾರೋ ಅದನ್ನು ಎಳೆಯುತ್ತಾರೆ. ಮೊದಲು ಹತ್ತು ಹೆಜ್ಜೆಯಿದ್ದ ಜಾಗ ಮರುದಿನ ಇಪ್ಪತ್ತು, ಆಮೇಲೆ ಮೂವತ್ತು, ನಲವತ್ತು, ಹೀಗೆ ಒಂದೇ ಸಮನೆ. ಅವನು ಗಳಿಸುವುದು ದಿನಕ್ಕೆ ಅದೇ ಒಂದು ಹೆಜ್ಜೆ. ಹಿಂದೆ ಗಳಿಸಿದ್ದೂ ರಬ್ಬರಿನ ಜೊತೆಗೇ ಹಿಗ್ಗುತ್ತದೆ, ನಿಜ. ಆದರೂ ಪಾಪ, ದಿನದಿಂದ ದಿನಕ್ಕೆ ಅವನ ಹೆಜ್ಜೆ ಎಷ್ಟು ಚಿಕ್ಕ ಪಾಲು ಆಗುತ್ತದೆ ನೋಡಿ. ಎಲ್ಲಿಯ ಮುಟ್ಟುವುದು! ಕಂಪ್ಯೂಟರಿನಲ್ಲಿ ಓಡಿಸಿಯೂ ನೋಡಿದ್ದೇನೆ. ಅವನು ಹಿಂದೆಯೇ ಉಳಿದ.

ನಂಬಿಕೆಯಿಲ್ಲದಿದ್ದರೆ ತಮ್ಮ ಹೊಲಿಗೆ ಡಬ್ಬಿಯಿಂದ ಒಂದು ಎಲಾಸ್ಟಿಕ್ ತೆಗೆದು ಸ್ವತಃ ಪರೀಕ್ಷಿಸಬಹುದು. ವಿಜ್ಞಾನವು ತಮಗೆ ಋಣಿಯಾಗಿರುತ್ತದೆ. ಎಲಾಸ್ಟಿಕ್ಕಿನ ಖರ್ಚನ್ನು ಮಾತ್ರ ಕೊಡಲಾರದು.

ವೆಂಡೆಲಾ


ನೂರ್ಶೊ
2 ಏಪ್ರಿಲ್ 1994

ಪುಟ್ಟಿ,

ಈಸ್ಟರ್ ಶುಭಾಶಯ. ಹೆರಿಂಗ್ ಮೀನು ಉಪ್ಪಾಯಿತು, ಮೊಟ್ಟೆ ಚೆನ್ನಾಗಿತ್ತು.

ನೀನು ಹೇಳಿದ ಹಾಗೆ ಮಾಡಿದೆ. ಅಡಿಗೆಮನೆಯ ಮೇಜಿಗೆ ಎಲಾಸ್ಟಿಕ್ಕಿನ ಒಂದು ತುದಿಯನ್ನು ಮೊಳೆ ಹಾಕಿ ಬಡಿದೆ. ಹಿಂದಿನವನು ಅಂತ ಒಂದು ಅಂಗಿ ಗುಂಡಿ. ಎರಡನೇ ದಿನದ ತನಕ ಸರಿಯಾಗಿತ್ತು, ಮೂರನೇ ದಿನಕ್ಕೆ ಎಳೆದಾಗ ಪಟ್ ಅಂತ ಹರಿದು ಬೆರಳಿಗೆ ಹೊಡೆಯಿತು. ಗುಂಡಿ ಇನ್ನೂ ಸಿಕ್ಕಿಲ್ಲ. ಹಾಗಾಗಿ ಕಾಗದದ ಮೇಲೆ ಮಾಡಿದೆ.

ಅಂತರವನ್ನು ಸಾವಿರ ಪಾಲು ಅಂತ ಇಟ್ಟುಕೊಂಡೆ. ಮೊದಲ ದಿನ ಹತ್ತರಲ್ಲಿ ಒಂದು ಹೆಜ್ಜೆ, ನೂರು ಪಾಲು. ಎರಡನೇ ದಿನ ಇಪ್ಪತ್ತರಲ್ಲಿ ಒಂದು, ಐವತ್ತು ಪಾಲು. ಮೂರನೇ ದಿನ ಮೂವತ್ತಮೂರು. ಕೂಡುತ್ತಾ ಹೋದೆ. ಐವತ್ತು ದಿನಕ್ಕೆ 450. ನೂರು ದಿನಕ್ಕೆ 519. ಇನ್ನೂರಕ್ಕೆ 588. ಎಲ್ಲಿ ನಿಲ್ಲುತ್ತದೆ ನೋಡೋಣ ಅಂತ ಹಟ ಬಂತು. ನಾನೂರಕ್ಕೆ 657. ಆಗ ಒಂದು ಕಣ್ಣಿಗೆ ಬಿತ್ತು. ದಿನಗಳನ್ನು ಇಮ್ಮಡಿ ಮಾಡಿದಾಗಲೆಲ್ಲ ಅದೇ ಅರವತ್ತೊಂಬತ್ತು ಪಾಲು ಏರುತ್ತದೆ. ಕಡಿಮೆಯಾಗುವುದೇ ಇಲ್ಲ.

ಹಾಗಾದರೆ ಇನ್ನು ಐದು ಸಲ ಇಮ್ಮಡಿ ಮಾಡಿದರೆ ಸಾವಿರ ದಾಟುತ್ತದೆ. ಹನ್ನೆರಡು ಸಾವಿರದ ಎಂಟುನೂರು ದಿನ. ಮೂವತ್ತೈದು ವರ್ಷ. ಒಬ್ಬ ಗಣಿಗಾರ ಸೇರಿದ ದಿನದಿಂದ ಪಿಂಚಣಿಯ ತನಕ. ಆ ಹೊತ್ತಿಗೆ ಹಿಂದಿನವನು ಮುಂದಿನವನನ್ನು ಮುಟ್ಟಿಬಿಡುತ್ತಾನೆ.

ನೀನು ಮುಟ್ಟುವುದೇ ಇಲ್ಲ ಅಂದಿದ್ದೆ. ನಾನು ಎಲ್ಲಿ ತಪ್ಪಿದೆ? ಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ಹಿಂಬದಿ ನೋಡಬೇಡ, ಅದು ಗೋದಾಮಿನ ಚೀಟಿ.

ಗುನ್ವೋರ್


ಸ್ಟಾಕ್‌ಹೋಮ್
11 ಏಪ್ರಿಲ್ 1994

ಎಲಾಸ್ಟಿಕ್ ಸಂಹಾರಿಣಿಯವರಿಗೆ,

ಪ್ರಬಂಧ ಮುದ್ರಣಕ್ಕೆ ಹೊರಟಿದೆ, ನನ್ನ ತಲೆ ಅದರ ಹಿಂದೆ ಹೊರಟಿದೆ. ತಮ್ಮ ಲೆಕ್ಕದ ಹಾಳೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, ದಿನಾ ಹಾಲು ತೆಗೆಯುವಾಗ ನಮಸ್ಕರಿಸುತ್ತಿದ್ದೇನೆ. ಎಲ್ಲಿ ತಪ್ಪಿದಿರಿ ಎಂಬುದನ್ನು ಬಿಡುವಾದಾಗ ಸವಿಸ್ತಾರವಾಗಿ ವಿವರಿಸಲಾಗುವುದು. ಬೇಸರ ಬೇಡ, ದೊಡ್ಡ ದೊಡ್ಡವರೇ ಅನಂತದ ಮುಂದೆ ಎಡವಿದ್ದಾರೆ.

ಆತುರದಲ್ಲಿ,
ವೆಂ.


ಸ್ಟಾಕ್‌ಹೋಮ್
5 ಮೇ 1994

ಚಿಕ್ಕಮ್ಮನವರ ಸಮ್ಮುಖಕ್ಕೆ, ಸುತ್ತಿಗೆಯ ಸದ್ದಿನೊಂದಿಗೆ,

ಇಂದು ಹಗಲು ಹನ್ನೊಂದಕ್ಕೆ ಸರಿಯಾಗಿ ನನ್ನ ಪ್ರಬಂಧಕ್ಕೆ ಮೊಳೆ ಹೊಡೆಯಲಾಯಿತು. ಹೊಡೆದವಳು ನಾನೇ. ವಾಗ್ವಾದಕ್ಕೆ ಮೂರು ವಾರ ಮುಂಚೆ ಪುಸ್ತಕವನ್ನು ವಿಭಾಗದ ಹಲಗೆಗೆ ಬಡಿದು ನೇತುಹಾಕಬೇಕು. ಯಾರು ಬೇಕಾದರೂ ಬಂದು ಓದಿ ತಪ್ಪು ಹಿಡಿಯಲಿ ಎಂದು. ಮೊಳೆ ಬಿದ್ದ ಮೇಲೆ ಒಂದಕ್ಷರವನ್ನೂ ಮುಟ್ಟುವಂತಿಲ್ಲ.

ಕಾಫಿ, ಕೇಕು, ಹದಿನಾಲ್ಕು ಜನ. ನಾನು ಸುತ್ತಿಗೆಯನ್ನು ಎತ್ತಿ ಹಿಡಿದು, ರಾಜ್ಯಾಭಿಷೇಕದ ಮುಖ ಮಾಡಿಕೊಂಡು ನಿಂತೆ.

"ಏನ್ ಕಾಯ್ತಿದೀಯ? ಹೊಡಿ" ಅಂದರು ನನ್ನ ಗೈಡ್ ಬೂತ್ವಿಡ್.

"ಭಾಷಣ ಇಲ್ವಾ?"

"ಮೊಳೆಗೆ ಭಾಷಣ ಕೇಳೋ ಅಭ್ಯಾಸ ಇಲ್ಲ."

"ಬೂತ್ವಿಡ್, ಐದು ವರ್ಷ ನಿಮ್ ಕೈಲಿ ಬೈಸ್ಕೊಂಡಿದೀನಿ. ಎರಡು ಒಳ್ಳೆ ಮಾತು?"

"ಒಳ್ಳೆ ಕೇಕು. ಎರಡಾಯ್ತು, ಹೊಡಿ."

ಹೊಡೆದೆ. ಮೊಳೆ ಸೊಟ್ಟಗಾಯಿತು. ಕಚೇರಿಯ ಮೈಲೀಸ್ ಚಪ್ಪಾಳೆ ತಟ್ಟಿ, "ಶುಭ ಕಣೇ! ಹೋದ್ ವರ್ಷ ಸೊಟ್ಟ ಹೊಡ್ದವನು ಪಾಸಾದ. ನೆಟ್ಟಗೆ ಹೊಡ್ದವಳು ಇನ್ನೂ ಅಳ್ತಿದಾಳೆ" ಅಂದಳು.

ಇದೋ, ಒಂದು ಪ್ರತಿ ತಮಗೆ. 87ನೇ ಪುಟದಲ್ಲಿ ಮೂರನೇ ಪ್ರಮೇಯವಿದೆ. ಅದರ ಕೆಳಗಿನ ಚಿತ್ರದಲ್ಲಿ ಕಾಣುವ ಅಲೆಯೇ ಗೋಡೆಯಾಗದೆ ಉಳಿದ ಆ ಸಾಧು ಅಲೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಅದು.

ಈಗ ಬಿಡುವಾಯಿತು. ಈ ವಾರಾಂತ್ಯಕ್ಕೆ ಫ್ರಿಜ್ಜಿನ ಬಾಗಿಲಿನ ಹಾಳೆಗಳನ್ನು ತೆಗೆದು ತಮ್ಮ ತಪ್ಪನ್ನು ಪತ್ತೆಹಚ್ಚಲಾಗುವುದು.

ವೆಂಡೆಲಾ, ಮೊಳೆಗಾರ್ತಿ


ಸ್ಟಾಕ್‌ಹೋಮ್
9 ಮೇ 1994

ಚಿಕ್ಕಮ್ಮ,

ಈಸ್ಟರಿಗೆ ಕಳಿಸಿದ ಲೆಕ್ಕದ ಮುಂದಿನ ಭಾಗ ನಿನ್ನ ಹತ್ತಿರ ಇದೆಯೇ? ನಾನೂರು ದಿನದಾಚೆ ನೀನು ನಿಜವಾಗಿ ಕೂಡಿದೆಯೋ, ಬರೀ ಅಂದಾಜೋ? ಬೇಗ ಬರೆ.

ಇಲ್ಲಿ ಎಲ್ಲ ಕ್ಷೇಮ.

ವೆಂಡೆಲಾ


ನೂರ್ಶೊ
12 ಮೇ 1994

ವೆಂಡೆಲಾ,

ನಿನ್ನ ಕಾಗದ ಬಂತು. ಐದು ಸಾಲು. ಒಂದು ಬಿರುದೂ ಇಲ್ಲ.

ನಿನಗೆ ಬೇಸರವಾಗಿದೆ ಅಂತ ಗೊತ್ತಾಯಿತು. ಆಗಬೇಕಾದ್ದೇ. ನೀನು ಐದು ವರ್ಷ ತಲೆ ಕೆಡಿಸಿಕೊಂಡಿದ್ದನ್ನು ನಾನು ಅಡಿಗೆಮನೆ ಮೇಜಿನ ಮೇಲೆ ಗುಂಡಿ ಇಟ್ಟುಕೊಂಡು ಸರಿಯಿಲ್ಲ ಅಂದ ಹಾಗಾಯಿತು. ಹಾಗೆ ಹೇಳುವ ಉದ್ದೇಶ ನನಗಿರಲಿಲ್ಲ. ಗೊತ್ತಾಗಲಿಲ್ಲ, ಕೇಳಿದೆ, ಅಷ್ಟೇ. ಆ ಹಾಳೆಗಳನ್ನು ಹರಿದುಹಾಕು.

ಕೇಳಿದೆಯಲ್ಲ ಅಂತ ಮುಂದಿನದನ್ನು ಕಳಿಸಿದ್ದೇನೆ. ಎಂಟುನೂರು ದಿನಕ್ಕೆ 726. ಸಾವಿರದ ಆರುನೂರಕ್ಕೆ 795. ಎಲ್ಲ ಕೂಡಿದ್ದೇ, ಅಂದಾಜಲ್ಲ. ಅದರಾಚೆ ಕೂಡಿಲ್ಲ.

27ಕ್ಕೆ ನನಗೆ ಬರಲಾಗುವುದಿಲ್ಲ. ಶಿಫ್ಟ್ ಇದೆ. ಒಳ್ಳೆಯದಾಗಲಿ.

ಗುನ್ವೋರ್


ಸ್ಟಾಕ್‌ಹೋಮ್
16 ಮೇ 1994

ಚಿಕ್ಕಮ್ಮ,

ಬೇಸರ ನಿನ್ನ ಮೇಲಲ್ಲ. ನೀನು ಸರಿ. ನಾನು ತಪ್ಪು.

ಭಾನುವಾರ ನಿನ್ನ ತಪ್ಪು ಹುಡುಕಲು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಸಂಜೆಯಾದರೂ ಸಿಗಲಿಲ್ಲ. ಆಮೇಲೆ ನನ್ನ ಪುಸ್ತಕ ತೆಗೆದು 87ನೇ ಪುಟ ನೋಡಿದೆ. ಐದು ನಿಮಿಷಕ್ಕೆ ಸಿಕ್ಕಿತು.

ವಿಶ್ವ ಸಮಗತಿಗಿಂತ ಜೋರಾಗಿ ಹಿಗ್ಗಿದರೆ ನನ್ನ ಸಾಧನೆ ಸರಿಯಾಗಿದೆ. ಅಲ್ಲಿ ಹಿಂದಿನವನು ಎಷ್ಟು ಯುಗ ಓಡಿದರೂ ಒಟ್ಟು ಗಳಿಕೆ ಒಂದು ಮಿತಿ ದಾಟುವುದಿಲ್ಲ. ಆದರೆ ಸರಿಯಾಗಿ ಅಂಚಿನ ಮೇಲೆ, ಒಂದೇ ಸಮನೆ ಹಿಗ್ಗುವ ವಿಶ್ವದಲ್ಲಿ, ಆ ಮಿತಿಯೇ ಇಲ್ಲ. ಗಳಿಕೆ ಏರುತ್ತಲೇ ಹೋಗುತ್ತದೆ, ನಿನ್ನ ಅರವತ್ತೊಂಬತ್ತರ ಹಾಗೆ. ಅಂಚಿನ ಬಗ್ಗೆ ನಾನು ಬರೆದಿರುವುದು ಒಂದೇ ವಾಕ್ಯ: "ಸಮಗತಿಯ ಸಂದರ್ಭವನ್ನೂ ಇದೇ ರೀತಿ ಸಾಧಿಸಬಹುದು." ನಮ್ಮ ಕಸುಬಿನಲ್ಲಿ ಸುಸ್ತಾದಾಗ ಎಲ್ಲರೂ ಬರೆಯುವ ವಾಕ್ಯ ಇದು. ನಾನು ಸಾಧಿಸಿ ನೋಡಿರಲೇ ಇಲ್ಲ. ನೋಡಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತಿತ್ತು.

ಕಂಪ್ಯೂಟರ್ ಹೂಂ ಅಂದಿತ್ತು ಅಂತ ಧೈರ್ಯ. ನನ್ನ ಅಲೆಗೆ ಅಂತರ ನಿನ್ನ ಲೆಕ್ಕದ ಹತ್ತು ಹೆಜ್ಜೆಯಲ್ಲ, ನಲವತ್ತು; ಅದನ್ನು ಹತ್ತು ಲಕ್ಷ ದಿನದವರೆಗೆ ಓಡಿಸಿದ್ದೆ. ಅಲ್ಲಿಗೆ ನೆತ್ತಿ ಕ್ರಮಿಸಿದ್ದು ಮೂರರಲ್ಲಿ ಒಂದು ಪಾಲು ದಾರಿ ಮಾತ್ರ. ಚಿತ್ರದಲ್ಲಿ ಅಲೆ ಚೂರು ಮುಂದಕ್ಕೆ ವಾಲಿದೆ. ಆ ವಾಲನ್ನು ಯಂತ್ರದ ದೋಷ ಅಂದುಕೊಂಡು ಸುಮ್ಮನಾಗಿದ್ದೆ. ಗೋಡೆ ಏಳುವುದನ್ನು ನೋಡಬೇಕೆಂದರೆ ಎರಡರ ಮುಂದೆ ಹದಿನೇಳು ಸೊನ್ನೆ ಇಡುವಷ್ಟು ಕಾಲ ಕಾಯಬೇಕು. ಕಾಯುವುದು ಕಷ್ಟ. ಆದರೆ ಏಳುತ್ತದೆ.

ಬೂತ್ವಿಡ್ ಬಳಿ ಹೋದೆ. ನಿನ್ನ ಹಾಳೆ, ನನ್ನ ಪುಟ, ಎರಡನ್ನೂ ಮುಂದಿಟ್ಟೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು, ಮತ್ತೆ ತೆಗೆದರು.

"ಯಾರು ಇದನ್ನ ಕೂಡಿದ್ದು?"

"ನಮ್ ಚಿಕ್ಕಮ್ಮ. ಗಣೀಲಿ ಮದ್ದು ಹಾರಿಸ್ತಾಳೆ."

"ಅವರೇ ನಿನ್ನ ಎದುರಾಳಿ ಅಲ್ವಲ್ಲ, ದೇವರು ದೊಡ್ಡವನು." ಆಮೇಲೆ ನನ್ನ ಪುಟವನ್ನು ಮಗುಚಿಟ್ಟು, "ತಪ್ಪು-ಒಪ್ಪು ಪಟ್ಟಿ ಅಂತ ಒಂದು ಹಾಳೆ ಸೇರಿಸೋಕೆ ಅವಕಾಶ ಇದೆ. ಅಚ್ಚಿನ ತಪ್ಪುಗಳಿಗೆ. ‘ಸಮಗತಿ ಅಥವಾ ಅದಕ್ಕಿಂತ ಹೆಚ್ಚು’ ಅಂತ ಇರೋ ಕಡೆ ‘ಸಮಗತಿಗಿಂತ ಹೆಚ್ಚು’ ಅಂತ ಓದಿಕೊಳ್ಳಿ ಅನ್ನು. ಆ ಒಂದು ವಾಕ್ಯ ತೆಗ್ದಾಕು. ಯಾರೂ ಕೇಳಲ್ಲ."

"ಅದು ಅಚ್ಚಿನ ತಪ್ಪಲ್ಲ."

"ಗೊತ್ತು ಕಣಮ್ಮ."

"ಚಿತ್ರ?"

"ಚಿತ್ರ ಮಾತಾಡಲ್ಲ" ಅಂದರು. ಒಳ್ಳೆಯವರು ಅವರು. ನನಗೋಸ್ಕರ ಹಾಗೆ ಹೇಳಿದರು. ತೀರ್ಪುಗಾರರಲ್ಲಿ ಒಬ್ಬರು ನಾರ್ವೆಯ ಬ್ಯಾರ್ಗನ್‌ನ ಓಸ್ಲೌಗ್. ಅವರು ಮುಖ್ಯ ಪ್ರಮೇಯ ಬಿದ್ದರೆ ಪ್ರಬಂಧವೂ ಬಿದ್ದಂತೆ ಎಂದು ಹಿಂದೊಬ್ಬನಿಗೆ ಬೇಡವೆಂದವರು. ಐದು ವರ್ಷ, ಚಿಕ್ಕಮ್ಮ. ಬೇರೆ ಕೆಲಸ ನನಗೆ ಬರುವುದಿಲ್ಲ.

ಪಟ್ಟಿಯನ್ನು ಬೂತ್ವಿಡ್ ಹೇಳಿದ ಹಾಗೆಯೇ ಟೈಪ್ ಮಾಡಿ ಇಟ್ಟಿದ್ದೇನೆ. ನೋಡಲು ತುಂಬ ಮುದ್ದಾಗಿದೆ. ಎರಡೇ ಸಾಲು. ಇಷ್ಟು ಚೆನ್ನಾದ ತಮಾಷೆಯನ್ನು ನಾನು ಇದುವರೆಗೆ ಮಾಡಿಲ್ಲ. ನಗುವವರು ಮಾತ್ರ ಯಾರೂ ಇರುವುದಿಲ್ಲ.

ನೀನು ಬರುವುದಿಲ್ಲ ಅಂದೆ. ಇದು ನಿನಗೆ ಮೊದಲೇ ಗೊತ್ತಾಗಿ, ನೋಡಲು ಇಷ್ಟವಿಲ್ಲದೆಯೋ?

ವೆಂಡೆಲಾ


ನೂರ್ಶೊ
19 ಮೇ 1994

ಪುಟ್ಟಿ,

ನಿನಗೆ ಎರಡು ವಿಷಯ ಹೇಳಬೇಕು. ಒಂದು ಗಣಿಯದು, ಇನ್ನೊಂದು ನನ್ನದು.

ಅರವತ್ತು ಕುಳಿಗೆ ಮದ್ದು ತುಂಬಿ ಹಾರಿಸಿದಾಗ ಕೆಲವು ಸಲ ಐವತ್ತೊಂಬತ್ತೇ ಹಾರುತ್ತವೆ. ಸಿಡಿಯದೆ ಬಂಡೆಯಲ್ಲಿ ಉಳಿದ ಮದ್ದಿಗೆ ನಾವು ದೂಲಾ ಅನ್ನುತ್ತೇವೆ. ದೂಲಾ ಉಳಿಯುವುದು ತಪ್ಪಲ್ಲ, ಯಾರಿಗಾದರೂ ಆಗುತ್ತದೆ. ಆದರೆ ಅದನ್ನು ಕಂಡವನು ಸುತ್ತ ಬಣ್ಣ ಬಳಿದು, ಶಿಫ್ಟಿನ ಪುಸ್ತಕದಲ್ಲಿ ಬರೆದು, ಕೆಳಗೆ ತನ್ನ ಹೆಸರು ಹಾಕಬೇಕು. ಇಲ್ಲಿ ಕುಳಿಯೇ ಇರಲಿಲ್ಲ ಅಂತ ಬರೆಯಬಹುದು. ಪುಸ್ತಕ ಚೊಕ್ಕಟವಾಗಿ ಕಾಣುತ್ತದೆ. ಮುಂದಿನ ಶಿಫ್ಟಿನವನು ಅಲ್ಲಿಗೇ ಡ್ರಿಲ್ ಇಡುತ್ತಾನೆ. ನಿನ್ನ ಪುಸ್ತಕದ ಮೇಲೆ ನಾಳೆ ಯಾರೋ ಡ್ರಿಲ್ ಇಡುವವರಿರಬಹುದು. ನನಗೆ ಅಲ್ಲಿಯ ವಿಷಯ ಗೊತ್ತಿಲ್ಲ. ನಮ್ಮಲ್ಲಿ ಹೀಗೆ.

ಇನ್ನು ನನ್ನದು. ಜನವರಿಯಿಂದ ನಾನು ಮದ್ದು ಹಾರಿಸುತ್ತಿಲ್ಲ. ಕಿವಿ ಹೋಗಿದೆ. ಎಡಗಿವಿ ಪೂರಾ, ಬಲಗಿವಿ ಮುಕ್ಕಾಲು. ಹಾರಿಸುವ ಮುಂಚಿನ ಸೈರನ್ ಕೇಳಲಿಲ್ಲ ಒಂದು ದಿನ. ಅರ್ವಿಡ್ ತೋಳು ಹಿಡಿದು ಎಳೆದ. ಮರುದಿನ ನಾನೇ ಹೋಗಿ ಹೇಳಿದೆ. ಈಗ ಗೋದಾಮಿನಲ್ಲಿ ಕೂತು ಡಿಟೋನೇಟರ್ ಎಣಿಸಿ ಕೊಡುತ್ತೇನೆ. ನಡುವೆ ಬಿಡುವು ಬಹಳ. ಇಲ್ಲದಿದ್ದರೆ ಸಾವಿರದ ಆರುನೂರು ದಿನದ ಲೆಕ್ಕವನ್ನು ಯಾರು ಕೂಡುತ್ತಾರೆ?

ನಿನಗೆ ಹೇಳಬೇಕು ಅಂತಲೇ ಇದ್ದೆ. ನಿನ್ನ ಕಾಗದ ಬಂತು, ಸಮಸ್ತ ಸ್ಫೋಟಗಳ ಅಧೀಶ್ವರಿ ಅಂತ. ಇನ್ನೊಂದು ಕಾಗದದವರೆಗೆ ಆಗಿಯೇ ಇರೋಣ ಅನ್ನಿಸಿತು.

27ಕ್ಕೆ ಬಂದರೆ ಎರಡು ಗಂಟೆ ಬಾಯಿ ಆಡುವುದನ್ನು ನೋಡಿಕೊಂಡು ಕೂರಬೇಕು. ಜನ ನಕ್ಕಾಗ ನಾನೂ ನಗಬೇಕು. ಅದು ನನ್ನಿಂದಾಗದು. ಯಾರು ಏನು ಅಂದರು, ನೀನು ಏನು ಅಂದೆ, ಒಂದೂ ಬಿಡದೆ ಬರೆದು ಕಳಿಸು. ಒಂದು ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳಲು ಅವಕಾಶ ಸಿಗುವುದು ನನಗೆ ಕಾಗದದಲ್ಲೇ.

ಪಟ್ಟಿಯಲ್ಲಿ ಏನು ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಪಾಸಾಗಬೇಕಾದವಳು ನೀನು.

ಗುನ್ವೋರ್


ಸ್ಟಾಕ್‌ಹೋಮ್
30 ಮೇ 1994

ಚಿಕ್ಕಮ್ಮ,

ಒಂದೂ ಬಿಡದೆ ಬರೆಯುತ್ತೇನೆ.

ಬೆಳಗ್ಗೆ ಹತ್ತು. ಕೋಣೆಯಲ್ಲಿ ನಲವತ್ತು ಜನ. ಅಮ್ಮ ಹೊಸ ಜಾಕೆಟ್ ಹಾಕಿಕೊಂಡು, ಎಲ್ಲರೂ ನನ್ನನ್ನು ಬಂಧಿಸಲು ಬಂದವರೇನೋ ಎಂಬಂತೆ ನೋಡುತ್ತಿದ್ದಳು. ಎದುರಾಳಿ ವೀಬೆ ಟೆರ್ಪ್‌ಸ್ತ್ರಾ ಎರಡು ಮೀಟರ್ ಎತ್ತರದ ಮನುಷ್ಯ. ಅವರ ಪ್ರತಿಯ ತುಂಬ ಹಳದಿ ಚೀಟಿ. ತೀರ್ಪುಗಾರರ ಸಾಲಿನ ತುದಿಯಲ್ಲಿ ಓಸ್ಲೌಗ್. ಅವರ ಪ್ರತಿಯಲ್ಲಿ ಒಂದೇ ಚೀಟಿ.

ಮೊದಲು ಅಧ್ಯಕ್ಷರು ಸಂಪ್ರದಾಯದ ಪ್ರಶ್ನೆ ಕೇಳಿದರು: "ಅಭ್ಯರ್ಥಿಗೆ ತಿದ್ದುಪಡಿ ಏನಾದ್ರೂ ಹೇಳೋದಿದೆಯಾ?"

ನನ್ನ ಬಳಿ ಎರಡು ಹಾಳೆ ಇತ್ತು. ಒಂದು ಮುದ್ದಾದದ್ದು. ಇನ್ನೊಂದನ್ನು ಬೆಳಗ್ಗೆ ಕೈಯಲ್ಲಿ ಬರೆದಿದ್ದೆ. ಕೈಬರಹದ್ದನ್ನು ಓದಿದೆ.

"ಪುಟ 12, ಎರಡನೇ ಸಾಲು: ಅಚ್ಚಿನ ತಪ್ಪು. ಪುಟ 40: ಅಚ್ಚಿನ ತಪ್ಪು. ಪುಟ 87, ಮೂರನೇ ಪ್ರಮೇಯ, ಸಮಗತಿಯ ಸಂದರ್ಭ: ಇದು ಅಚ್ಚಿನ ತಪ್ಪಲ್ಲ. ನನ್ನ ತಪ್ಪು. ಇಲ್ಲಿ ಅಲೆ ಗೋಡೆಯಾಗುತ್ತದೆ. ನಾನು ಸಾಧಿಸದೆ ಬರೆದೆ. ಕೆಳಗಿನ ಚಿತ್ರವೂ ದಾರಿ ತಪ್ಪಿಸುತ್ತದೆ. ಕಂಡುಹಿಡಿದವರು ಗುನ್ವೋರ್ ಸಾಂಡೆಲ್, ನೂರ್ಶೊ, ಗಣಿ ಗೋದಾಮು."

ಯಾರೂ ನಗಲಿಲ್ಲ, ಚಿಕ್ಕಮ್ಮ. ನೀನೇನೂ ಕಳೆದುಕೊಂಡಿಲ್ಲ. ಕೋಣೆ ನಿನ್ನ ಎಡಗಿವಿಯಷ್ಟೇ ನಿಶ್ಶಬ್ದವಾಗಿತ್ತು. ಬೂತ್ವಿಡ್ ಕನ್ನಡಕ ತೆಗೆದರು.

ಟೆರ್ಪ್‌ಸ್ತ್ರಾ ತಮ್ಮ ಚೀಟಿಗಳನ್ನು ಒಂದೊಂದಾಗಿ ಕಿತ್ತರು. ಹನ್ನೊಂದು.

"ಇವೆಲ್ಲ 87ನೇ ಪುಟಕ್ಕೆ ಅಂತ ಇಟ್ಕೊಂಡಿದ್ದೆ. ಎರಡು ವಾರ ಕೂತು ಬರ್ದಿದ್ದು. ನನ್ ಬಾಯಿಗೆ ಬಂದ ತುತ್ತು ಕಿತ್ಕೊಂಡ್ರಲ್ಲ ನೀವು?"

"ಕ್ಷಮಿಸಿ."

"ಅಚ್ಚಿನ ತಪ್ಪು ಅಂದಿದ್ರೆ ಒಂದೊಂದಾಗಿ ಕೇಳ್ತಿದ್ದೆ" ಅಂದರು. ಮೆತ್ತಗೆ ಅಂದರು.

ಆಮೇಲೆ ಹಲಗೆಯ ಮುಂದೆ ನಿಲ್ಲಿಸಿದರು. ಗೋಡೆ ಯಾವಾಗ ಏಳುತ್ತದೆ, ಲೆಕ್ಕ ಮಾಡಿ ತೋರಿಸಿ ಅಂದರು. ನಿನ್ನ ದಾರಿಯಲ್ಲೇ ಮಾಡಿದೆ: ಸಾವಿರ ಪಾಲು, ಇಮ್ಮಡಿ, ಮತ್ತೆ ಇಮ್ಮಡಿ. ಹದಿನೇಳು ಸೊನ್ನೆ ಬರೆಯುವಾಗ ಹಿಂದಿನ ಸಾಲಿನಲ್ಲಿ ಯಾರೋ "ಅಷ್ಟೊತ್ತು ಯಾರ್ ಕಾಯ್ತಾರೆ?" ಅಂದರು. ಅದಕ್ಕೆ ಎಲ್ಲರೂ ನಕ್ಕರು. ಅಲೆ ಕಾಯುತ್ತದೆ ಅಂದೆ. ಅದಕ್ಕೂ ನಕ್ಕರು. ಎರಡೇ ಸಲ. ಬರೆದುಕೊ.

ಕೊನೆಗೆ ಓಸ್ಲೌಗ್ ತಮ್ಮ ಒಂದೇ ಚೀಟಿ ತೆಗೆದರು.

"ಗೋಡೆ ಎದ್ದ ಮೇಲೆ ಏನಾಗತ್ತೆ? ನೆಲ ಆಮೇಲೂ ಹಿಗ್ತಾನೇ ಇರತ್ತಲ್ಲ. ಗೋಡೆ ಉಳಿಯತ್ತಾ? ಕರಗತ್ತಾ?"

ನನಗೆ ಮೂರು ತಮಾಷೆ ಹೊಳೆದವು. ಮೂರನ್ನೂ ನುಂಗಿದೆ.

"ಗೊತ್ತಿಲ್ಲ."

"ಊಹೆ?"

"ಊಹೆನೂ ಇಲ್ಲ. ಈ ಗೋಡೆ ಇದೆ ಅಂತ್ಲೇ ಮೂರು ವಾರದ ಹಿಂದೆ ನಂಗೆ ಗೊತ್ತಿರ್ಲಿಲ್ಲ."

"ಹೂಂ" ಅಂದು ಏನೋ ಬರೆದುಕೊಂಡರು.

ತೀರ್ಪುಗಾರರು ಬಾಗಿಲು ಹಾಕಿಕೊಂಡರು. ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಒಂದು ಗಂಟೆ ಕಳೆಯಿತು. ಅಮ್ಮ ಎಲ್ಲರಿಗೂ ಎರಡೆರಡು ಸಲ ಸ್ಯಾಂಡ್‌ವಿಚ್ ಹಂಚಿದಳು. ಮೈಲೀಸ್ ನನ್ನ ಪಕ್ಕ ಕೂತು, "ಸೊಟ್ಟ ಹೊಡ್ದಿದೀಯ, ಸೊಟ್ಟ ಹೊಡ್ದಿದೀಯ" ಎಂದು ಜಪ ಮಾಡುತ್ತಿದ್ದಳು. ಒಂದೂಮುಕ್ಕಾಲು ಗಂಟೆಗೆ ಬಾಗಿಲು ತೆರೆಯಿತು.

ಪರವಾಗಿ ಎರಡು, ವಿರುದ್ಧ ಒಂದು. ಪಾಸು.

ಅಮ್ಮ ಅತ್ತಳು. ಬೂತ್ವಿಡ್ ನನ್ನ ಕೈಯನ್ನು ಪಂಪು ಹೊಡೆಯುವವರ ಹಾಗೆ ಕುಲುಕಿದರು. ಓಸ್ಲೌಗ್ ಕೋಟು ಹಾಕಿಕೊಂಡು ನೇರ ನನ್ನ ಬಳಿ ಬಂದರು.

"ಬೇಡ ಅಂದವಳು ನಾನೇ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ಹೇಳ್ತಿದೀನಿ."

"ಯಾಕೆ ಅಂತ ಕೇಳ್ಬಹುದಾ?"

"ಪ್ರಮೇಯ ತಪ್ಪು. ಒಪ್ಕೊಂಡ್ರೆ ತಪ್ಪು ಸರಿಯಾಗಲ್ಲ."

"ಸರಿ."

"ಕೋಪ ಬಂತಾ?"

"ಇಲ್ಲ. ನಾನಾಗಿದ್ರೂ ಬೇಡ ಅಂತಿದ್ದೆ."

ಅವರು ಮೊದಲ ಸಲ ನಕ್ಕರು. "ನಾನ್ ಕೇಳಿದ್ದಕ್ಕೆ ಉತ್ತರ ಹುಡ್ಕು. ಸಿಕ್ಕಾಗ ಬ್ಯಾರ್ಗನ್‌ಗೆ ಬಾ. ಅವತ್ತು ಹೂಂ ಅಂತೀನಿ. ಆ ಹಾಳೆ ಕೂಡಿದವರನ್ನೂ ಕರ್ಕೊಂಡ್ ಬಾ."

ಇವತ್ತು ಸೋಮವಾರ. ವಿಭಾಗದಲ್ಲಿ ಯಾರೂ ಇನ್ನೂ ಬಂದಿಲ್ಲ. ಬಾಗಿಲಿನ ಮೇಲೆ ನನ್ನ ಹೆಸರಿನ ಹಿಂದೆ ಮೈಲೀಸ್ ಡಾಕ್ಟರ್ ಅಂತ ಅಂಟಿಸಿದ್ದಾಳೆ. ನಾನು ಹೊಸ ಲೇಖನ ಶುರು ಮಾಡಿದ್ದೇನೆ. ಒಂದು ವಾಕ್ಯ ಆಗಿದೆ. ಓದಿ ಹೇಳು, ಎಲ್ಲಾದರೂ ಅನುಮಾನ ಬಂದರೆ ಕೇಳು.

"ಈ ಲೇಖಕಿಯ ಮೂರನೇ ಪ್ರಮೇಯ ಸುಳ್ಳು; ಸಮಗತಿಯಲ್ಲಿ ಹಿಗ್ಗುವ ವಿಶ್ವದಲ್ಲಿ ಹಿಂದಿನವನು ಮುಟ್ಟುತ್ತಾನೆ, ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ಕೇಳುತ್ತೇವೆ."

ವೆಂಡೆಲಾ